ಸುರುಳಿಯಿಂದ ಹಾರಿದ ಮೊಳೆ

ಮನೆಯ ಬಾಗಿಲಲ್ಲಿ ನಿಂತು ಗುಂಡಿ ಒತ್ತಿದರೆ ಒಳಗೆ ‘ಟಿಂಗ್’ ಎನ್ನುತ್ತದೆ, ಬೆರಳು ತೆಗೆದರೆ ‘ಟಾಂಗ್’ ಎನ್ನುತ್ತದೆ. ಈ ಕರೆಗಂಟೆಯ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದರೆ ವಿಜ್ಞಾನದಲ್ಲಿ ತೊಂಬತ್ತು ಅಂಕ ಪಡೆದವರೂ ತಡವರಿಸುವುದುಂಟು. ಇರುವುದು ಇಷ್ಟೆ: ಒಂದು ತಂತಿಯ ಸುರುಳಿ, ಅದರ ಟೊಳ್ಳಿನಲ್ಲಿ ಜಾರಾಡುವ ಕಬ್ಬಿಣದ ಸರಳು, ಒಂದು ಸ್ಪ್ರಿಂಗು, ಆಚೀಚೆ ಎರಡು ಲೋಹದ ಪಟ್ಟಿ. ಸುರುಳಿಯಲ್ಲಿ ವಿದ್ಯುತ್ ಹರಿದ ಕೂಡಲೇ ಸರಳು ಒಳಕ್ಕೆ ಚಿಮ್ಮಿ ಒಂದು ಪಟ್ಟಿಗೆ ಬಡಿಯುತ್ತದೆ. ವಿದ್ಯುತ್ ನಿಂತೊಡನೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳಿ ಇನ್ನೊಂದು ಪಟ್ಟಿಗೆ ಬಡಿಸುತ್ತದೆ. ಅಂದರೆ ಕಬ್ಬಿಣವನ್ನು ಎಸೆಯುವ ಪುಟ್ಟ ಯಂತ್ರವೊಂದು ಎಷ್ಟೋ ಮನೆಗಳ ಗೋಡೆಯ ಮೇಲೆ ವರ್ಷಗಳಿಂದ ಕುಳಿತಿದೆ. ಹಾಗೆಂದು ಅದನ್ನು ಬಿಚ್ಚಲು ಹೋಗಬಾರದು. ಅದಕ್ಕೆ ಬರುವುದು 230 ವೋಲ್ಟಿನ ವಿದ್ಯುತ್ತು.

ಇದರ ಹಿಂದಿನ ತತ್ವಕ್ಕೆ ಇನ್ನೂರು ವರ್ಷ ದಾಟಿದೆ. 1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ಜಗತ್ತಿಗೆ ತಿಳಿಸಿದ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕಬ್ಬಿಣಕ್ಕೆ ತಂತಿ ಸುತ್ತಿ ವಿದ್ಯುತ್ಕಾಂತವನ್ನು ಮಾಡಿ ತೋರಿಸಿದ. ಮೊಳೆಗೆ ತಂತಿ ಸುತ್ತಿ, ಸೆಲ್ ಜೋಡಿಸಿ, ಗುಂಡುಪಿನ್ನುಗಳನ್ನು ಎತ್ತುವ ಪ್ರಯೋಗ ಇಂದು ಶಾಲೆಯ ಪಠ್ಯಪುಸ್ತಕದಲ್ಲೇ ಇದೆ. ಆ ಮೊಳೆಯನ್ನು ಸುರುಳಿಯಿಂದ ಹೊರಗೆಳೆದು, ಸುರುಳಿಯ ಬಾಯಿಗೆ ಇಟ್ಟು ನೋಡಿದರೆ ಮುಂದಿನ ಪಾಠ ಶುರುವಾಗುತ್ತದೆ.

ತಾಲ್ಲೂಕು ಕೇಂದ್ರವೊಂದರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನೇ ಆರಿಸಿಕೊಂಡ. ಮೊಬೈಲಿನಲ್ಲಿ ಅವನು ಕಂಡಿದ್ದ ವಿಡಿಯೊದಲ್ಲಿ ಸುರುಳಿಯಿಂದ ಹಾರಿದ ಮೊಳೆ ತಗಡಿನ ಡಬ್ಬಿಯನ್ನೇ ತೂತು ಮಾಡಿತ್ತು. ಅದಕ್ಕೆ ಬಳಸಿದ್ದು ಕ್ಯಾಮರಾದ ಫ್ಲಾಷಿನಲ್ಲಿರುವ ಕೆಪಾಸಿಟರ್. ಅಟ್ಟದ ಮೇಲೆ ರೀಲು ಹಾಕುವ ಹಳೆಯ ಕ್ಯಾಮರಾ ಇದ್ದದ್ದು ಹುಡುಗನಿಗೆ ನೆನಪಾಯಿತು. ಅದನ್ನು ಇಳಿಸಿ, ಸ್ಕ್ರೂ ಬಿಚ್ಚಲು ಕುಳಿತಾಗ ಗೂಡ್ಸ್ ಟೆಂಪೊ ಓಡಿಸುವ ಅಪ್ಪ ಮನೆಗೆ ಬಂದರು.

“ಬಂದೂಕು ಮಾಡೋದು ಕಲೀಲಿ ಅಂತ ಸ್ಕೂಲಿಗೆ ಕಳಿಸ್ತಿದೀನೇನೋ? ಮುಂದಿನ ವರ್ಷ ಹತ್ತನೇ ಕ್ಲಾಸು, ಜ್ಞಾಪಕ ಇರಲಿ” ಎಂದರು. ಕ್ಯಾಮರಾ ಮತ್ತೆ ಅಟ್ಟ ಸೇರಿತು. ಹುಡುಗ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಅಪ್ಪನ ಸಿಟ್ಟಿನಲ್ಲಿ ಅರ್ಧ ನ್ಯಾಯವಿತ್ತು. ಫ್ಲಾಷಿನ ಕೆಪಾಸಿಟರ್ ಸುಮಾರು 300 ವೋಲ್ಟಿಗೆ ತುಂಬಿಕೊಳ್ಳುತ್ತದೆ. ಸೆಲ್ ತೆಗೆದಿಟ್ಟ ಮೇಲೂ ಆ ವಿದ್ಯುತ್ತು ಅದರೊಳಗೆ ಬಹಳ ಹೊತ್ತು ಉಳಿದಿರಬಹುದು. ತಿಳಿಯದೆ ಎರಡು ತುದಿಗಳನ್ನು ಮುಟ್ಟಿದವರಿಗೆ ಬಲವಾದ ಆಘಾತವಾಗುತ್ತದೆ, ಪ್ರಾಣಕ್ಕೂ ಅಪಾಯವಿದೆ. ಹದಿನಾಲ್ಕರ ಹುಡುಗ ಒಬ್ಬನೇ ಕುಳಿತು ಬಿಚ್ಚುವ ವಸ್ತುವಲ್ಲ ಅದು. ಆದರೆ ಕ್ಯಾಮರಾದ ಜೊತೆಗೆ ತಂತಿ, ಸುರುಳಿ, ಪ್ರಶ್ನೆ ಎಲ್ಲವೂ ಅಟ್ಟ ಸೇರಿದ್ದರಲ್ಲಿ ನ್ಯಾಯವಿರಲಿಲ್ಲ.

ಬೇಸಿಗೆ ಬಂತೆಂದರೆ ಪಂಪ್‌ಸೆಟ್ಟಿನ ಮೋಟಾರುಗಳು ಸುಡುವ ಊರು ಅದು. ಪೇಟೆ ಬೀದಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಕೊರತೆಯಿಲ್ಲ. ಹುಡುಗ ಅಂಥ ಒಂದು ಅಂಗಡಿಗೆ ಹೋಗಿ ತಂತಿ ಕೇಳಿದ. ಯಾತಕ್ಕೆಂದು ವಿಚಾರಿಸಿದ ಅಂಗಡಿಯವರು ನಕ್ಕು ಹೇಳಿದರು: “ಕರೆಂಟಿಗೆ ಕೈ ಹಾಕಬೇಡ ಮರಿ, ಆ ಕೆಪಾಸಿಟರಿನ ಸಹವಾಸವೂ ಬೇಡ. ನಾಲ್ಕು ಟಾರ್ಚ್ ಸೆಲ್ಲು ಸಾಕು. ಅಷ್ಟರಲ್ಲಿ ಮೊಳೆ ಯಾಕೆ ಹಾರುತ್ತೆ ಅಂತ ತಿಳೀದೇ ಇದ್ದರೆ, ಜಾಸ್ತಿ ವೋಲ್ಟ್ ಕೊಟ್ಟರೂ ತಿಳಿಯಲ್ಲ.” ಆ ಸಂಜೆ ಟೆಂಪೊ ಅಂಗಡಿಯ ಮುಂದೆ ನಿಂತಾಗ ಅಪ್ಪನಿಗೂ ಅವರೇ ಇದನ್ನು ಹೇಳಿದರು. ಆರು ವೋಲ್ಟ್ ಎಂದ ಮೇಲೆ ಅಪ್ಪ ಒಪ್ಪಿದರು.

ಬೇಕಾದ ಸಾಮಾನು ಹೆಚ್ಚಿಲ್ಲ. ಮೊಳೆ ಸಲೀಸಾಗಿ ಜಾರುವಂಥ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ. 26 ಗೇಜಿನ ಎನಾಮಲ್ ತಾಮ್ರದ ತಂತಿ ಏಳೆಂಟು ಮೀಟರ್. ತಲೆ ಕತ್ತರಿಸಿ, ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ ಮೂರು ಸೆಂಟಿಮೀಟರ್ ಉದ್ದದ ಕಬ್ಬಿಣದ ಮೊಳೆ. ಒಂದೂವರೆ ವೋಲ್ಟಿನ ನಾಲ್ಕು ದೊಡ್ಡ ಸೆಲ್ಲುಗಳು. ಕೊಳವೆಯ ಮೇಲೆ ಮೂರು ಸೆಂಟಿಮೀಟರ್ ಜಾಗದಲ್ಲಿ, ಪದರದ ಮೇಲೆ ಪದರವಾಗಿ ಸುಮಾರು 200 ಸುತ್ತು ಹಾಕಬೇಕು. ಎಲ್ಲ ಸುತ್ತುಗಳೂ ಒಂದೇ ದಿಕ್ಕಿಗಿರಬೇಕು. ನಡುವೆ ದಿಕ್ಕು ತಪ್ಪಿದರೆ ಒಂದು ಸುತ್ತಿನ ಕಾಂತಬಲವನ್ನು ಇನ್ನೊಂದು ಕಳೆಯುತ್ತದೆ. ತಂತಿಯ ಮೇಲೆ ಕಣ್ಣಿಗೆ ಕಾಣದಂಥ ತೆಳು ಲೇಪವಿರುತ್ತದೆ. ಎರಡು ತುದಿಗಳಲ್ಲಿ ಅದನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯದಿದ್ದರೆ ವಿದ್ಯುತ್ತು ಹರಿಯುವುದೇ ಇಲ್ಲ. ಹುಡುಗನ ಮೊದಲ ಸಂಜೆ ಪೂರ್ತಿ ಕಳೆದದ್ದು ಈ ಲೇಪದಿಂದಲೇ.

ಎರಡನೆಯ ಸಂಜೆ ವಿದ್ಯುತ್ ಹರಿಯಿತು. ಬಾಯಲ್ಲಿಟ್ಟ ಮೊಳೆ ‘ಚಕ್’ ಎಂದು ಒಳಗೆ ಹೋಯಿತು. ಹೋದದ್ದು ಅಲ್ಲೇ ನಿಂತುಬಿಟ್ಟಿತು. ಇನ್ನೊಂದು ತುದಿಯಿಂದ ಹೊರಗೆ ಬರಲೇ ಇಲ್ಲ. ಸೆಲ್ಲಿನ ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೆ ಹೊರಕ್ಕೆ ತಳ್ಳಬಹುದೆಂದು ಹುಡುಗ ಎಣಿಸಿದ. ಆಗಲೂ ಮೊಳೆ ಒಳಕ್ಕೇ ಹೋಯಿತು. ನಾಲ್ಕಾರು ಸಲ ಹೀಗಾಗುವಷ್ಟರಲ್ಲಿ ಸುರುಳಿ ಕೈಗೆ ಬಿಸಿಯಾಗಿ ತಾಗತೊಡಗಿತು.

ಇದು ಕೆಟ್ಟ ಪ್ರಯೋಗವಲ್ಲ; ಸುರುಳಿಯ ಸ್ವಭಾವವೇ ಹಾಗೆ. ಕಾಂತಕ್ಷೇತ್ರ ಅತಿ ಪ್ರಬಲವಾಗಿರುವುದು ಸುರುಳಿಯ ನಡುಭಾಗದಲ್ಲಿ. ಕಬ್ಬಿಣ ಎಲ್ಲಿದ್ದರೂ ಅದನ್ನು ಆ ನಡುವಿಗೆ ಎಳೆಯುವುದು ಅದರ ಕೆಲಸ. ಬಲಗಡೆಯಿಂದ ಬಂದ ಮೊಳೆಯನ್ನು ನಡುವಿನವರೆಗೆ ವೇಗವಾಗಿ ಎಳೆದುಕೊಳ್ಳುತ್ತದೆ. ಆ ವೇಗದಲ್ಲಿ ಮೊಳೆ ಎಡಕ್ಕೆ ದಾಟಿದರೆ ಅದೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಮೊಳೆ ಹೊರಗೆ ಹಾರಬೇಕಾದರೆ, ಅದು ನಡುವನ್ನು ಮುಟ್ಟುವ ಹೊತ್ತಿಗೆ ವಿದ್ಯುತ್ತು ನಿಂತಿರಬೇಕು.

ಇದನ್ನು ಆ ಮನೆಯಲ್ಲಿ ಮೊದಲು ಹೇಳಿದ್ದು ಪುಸ್ತಕವಲ್ಲ. ಊಟ ಮುಗಿಸಿ ಪಕ್ಕದಲ್ಲಿ ಬಂದು ಕುಳಿತ ಅಪ್ಪ, ಮಗ ತಂತಿಯನ್ನು ಸೆಲ್ಲಿಗೆ ಒತ್ತಿ ಹಿಡಿಯುವುದನ್ನು ಸ್ವಲ್ಪ ಹೊತ್ತು ನೋಡಿದರು. “ಗಾಡಿಗೆ ಸೆಲ್ಫ್ ಹೊಡೆದು, ಎಂಜಿನ್ ಹಿಡಿದ ಮೇಲೂ ಕೀ ಬಿಡದೇ ಇದ್ದರೆ ಏನಾಗುತ್ತೆ ಗೊತ್ತೇನೋ? ಸೆಲ್ಫ್ ಮೋಟಾರು ಸುಟ್ಟುಹೋಗುತ್ತೆ. ನೀನು ಕೀ ಬಿಡ್ತಾನೇ ಇಲ್ಲ” ಎಂದರು. ಸೆಲ್ಫ್ ಮೋಟಾರಿನ ಬೆನ್ನ ಮೇಲೆ ಇರುವುದೂ ಇಂಥದೇ ಸುರುಳಿ, ಇಂಥದೇ ಜಾರುವ ಸರಳು. ದಿನಕ್ಕೆ ಹತ್ತು ಸಲ ಕೀ ತಿರುಗಿಸುವ ಅಪ್ಪನಿಗೆ ಅದರ ಸೂತ್ರ ಗೊತ್ತಿರಲಿಲ್ಲ, ಅದರ ಹದ ಗೊತ್ತಿತ್ತು.

ಇನ್ನು ಉಳಿದದ್ದು ಎಷ್ಟು ಬೇಗ ಬಿಡಬೇಕೆಂಬ ಲೆಕ್ಕ. ಮೊಳೆ ಎರಡು ಸೆಂಟಿಮೀಟರನ್ನು ಸೆಕೆಂಡಿಗೆ ಒಂದು ಮೀಟರಿನ ಸರಾಸರಿ ವೇಗದಲ್ಲಿ ದಾಟುತ್ತದೆ ಎಂದುಕೊಂಡರೆ ಅದಕ್ಕೆ ಹಿಡಿಯುವ ಕಾಲ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ಬೆರಳು ಎಷ್ಟೇ ಚುರುಕಾಗಿ ಗುಂಡಿ ಒತ್ತಿ ಬಿಟ್ಟರೂ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಭಾಗ ಹಿಡಿಯುತ್ತದೆ. ಆದ್ದರಿಂದ ಒತ್ತುವ ಬದಲು ಸವರಬೇಕು. ಹುಡುಗ ಒಂದು ಸೆಂಟಿಮೀಟರ್ ಅಗಲದ ತಗಡಿನ ಪಟ್ಟಿಯನ್ನು ರಟ್ಟಿಗೆ ಅಂಟಿಸಿ ಅದನ್ನು ಸೆಲ್ಲಿಗೆ ಜೋಡಿಸಿದ. ಸುರುಳಿಯ ತಂತಿಯ ತುದಿಯನ್ನು ಆ ಪಟ್ಟಿಯ ಮೇಲೆ ಅಡ್ಡಲಾಗಿ ಸರ್ರನೆ ಎಳೆದ. ಕೈ ಸೆಕೆಂಡಿಗೆ 50 ಸೆಂಟಿಮೀಟರ್ ವೇಗದಲ್ಲಿ ಚಲಿಸಿದರೆ ಒಂದು ಸೆಂಟಿಮೀಟರ್ ದಾಟಲು ಬೇಕಾದದ್ದು ಸರಿಯಾಗಿ ಐವತ್ತರಲ್ಲಿ ಒಂದು ಸೆಕೆಂಡು! ಪಟ್ಟಿಯ ಅಂಚಿನಲ್ಲಿ ನೀಲಿ ಕಿಡಿಯೊಂದು ಮಿನುಗಿತು. ಮೊಳೆ ಕೊಳವೆಯ ಆಚೆ ತುದಿಯಿಂದ ಹಾರಿ, ಬಟ್ಟೆ ತುಂಬಿ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗೆ ಬಿತ್ತು.

ಡಬ್ಬಿ ತೂತಾಗಲಿಲ್ಲ. ಆದರೆ ಅಳೆಯುವುದಕ್ಕೆ ಬೇಕಾದಷ್ಟು ಸಿಕ್ಕಿತು. 75 ಸೆಂಟಿಮೀಟರ್ ಎತ್ತರದ ಮೇಜಿನ ಅಂಚಿನಿಂದ ಅಡ್ಡಲಾಗಿ ಹಾರಿದ ಮೊಳೆ ನೆಲ ಮುಟ್ಟಲು ಸುಮಾರು 0.39 ಸೆಕೆಂಡು ಹಿಡಿಯುತ್ತದೆ. ಅದು 60 ಸೆಂಟಿಮೀಟರ್ ಮುಂದೆ ಬಿದ್ದರೆ ಹೊರಟ ವೇಗ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್. ಒಂದೂವರೆ ಗ್ರಾಂ ತೂಗುವ ಮೊಳೆಗೆ ಆ ವೇಗದಲ್ಲಿರುವ ಚಲನಶಕ್ತಿ ಒಂದು ಜೂಲಿನ ಸಾವಿರದಲ್ಲಿ ಎರಡು ಭಾಗವೂ ಇಲ್ಲ. ಆರು ವೋಲ್ಟಿನಲ್ಲಿ ಮೂರು ಆಂಪಿಯರ್ ಐವತ್ತರಲ್ಲಿ ಒಂದು ಸೆಕೆಂಡು ಹರಿದಿದ್ದರೆ ಸೆಲ್ಲುಗಳು ಕೊಟ್ಟದ್ದು 0.36 ಜೂಲ್. ಅಂದರೆ ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಮೊಳೆಗೆ ದಕ್ಕಲಿಲ್ಲ. ಉಳಿದದ್ದರಲ್ಲಿ ಬಹುಪಾಲು ತಂತಿಯನ್ನೂ ಸೆಲ್ಲುಗಳನ್ನೂ ಬಿಸಿ ಮಾಡುವುದಕ್ಕೆ ಹೋಯಿತು. ಒಂಬತ್ತನೆಯ ತರಗತಿಯ ಚಲನೆ, ಹತ್ತನೆಯ ತರಗತಿಯ ವಿದ್ಯುತ್ತು, ಎರಡೂ ಒಂದೇ ಮೇಜಿನ ಮೇಲೆ ಬಂದು ಕುಳಿತವು. ಮೊಳೆಯನ್ನು ತುಸು ಒಳಗಿಟ್ಟು, ತುಸು ಹೊರಗಿಟ್ಟು ಹುಡುಗ ಹತ್ತು ಹತ್ತು ಸಲ ಹಾರಿಸಿ, ಬಿದ್ದ ದೂರವನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟ.

ಪ್ರದರ್ಶನದ ದಿನ ಪಕ್ಕದ ಮೇಜಿನ ಥರ್ಮೋಕೋಲ್ ಜ್ವಾಲಾಮುಖಿಯ ಸುತ್ತ ಜನ ಸೇರಿದರು. ಬಹುಮಾನವೂ ಅದಕ್ಕೇ ಹೋಯಿತು. ಹುಡುಗನ ಮುಂದೆ ಬಹಳ ಹೊತ್ತು ನಿಂತವಳು ಏಳನೆಯ ತರಗತಿಯ ಹುಡುಗಿಯೊಬ್ಬಳೇ. “ಅಣ್ಣಾ, ಸೆಲ್ ತಿರುಗಿಸಿ ಹಾಕಿದರೂ ಮೊಳೆ ಒಳಗೇ ಯಾಕೆ ಹೋಗುತ್ತೆ?” ಎಂದು ಕೇಳಿದಳು. ಮೊಳೆ ಹುಟ್ಟು ಕಾಂತವಲ್ಲ, ಸುರುಳಿಯೇ ಅದನ್ನು ಕಾಂತವಾಗಿಸುತ್ತದೆ. ಸುರುಳಿಯ ಧ್ರುವ ಬದಲಾದರೆ ಮೊಳೆಯ ಧ್ರುವವೂ ಜೊತೆಗೇ ಬದಲಾಗುತ್ತದೆ, ಆದ್ದರಿಂದ ಆಕರ್ಷಣೆ ತಪ್ಪುವುದಿಲ್ಲ ಎಂದು ಅವನು ವಿವರಿಸಿದ. ಎರಡು ವಾರದ ಹಿಂದೆ ಇದೇ ಪ್ರಶ್ನೆ ಅವನಿಗೆ ಉತ್ತರವಿಲ್ಲದ ಒಗಟಾಗಿತ್ತು.

ಸುರುಳಿಯಿಂದ ಕಬ್ಬಿಣ ಎಸೆಯುವ ಆಸೆ ಮಕ್ಕಳದ್ದಷ್ಟೇ ಅಲ್ಲ. ನಾರ್ವೆ ದೇಶದ ಭೌತವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್ 1901ರಲ್ಲಿ ವಿದ್ಯುತ್ಕಾಂತ ಫಿರಂಗಿಗೆ ಪೇಟೆಂಟ್ ಪಡೆದಿದ್ದ. ಉತ್ತರದ ಆಕಾಶದಲ್ಲಿ ಮೂಡುವ ಧ್ರುವಪ್ರಭೆಯ ರಹಸ್ಯವನ್ನು ಅರಸುತ್ತಿದ್ದ ಅವನಿಗೆ ಸಂಶೋಧನೆಗೆ ಹಣ ಬೇಕಾಗಿತ್ತು. ಸಾಲಾಗಿ ಜೋಡಿಸಿದ ಸುರುಳಿಗಳು ಗುಂಡನ್ನು ಒಂದರಿಂದ ಒಂದಕ್ಕೆ ಎಳೆದು ಎಸೆಯಬೇಕೆಂಬುದು ಅವನ ಯೋಜನೆ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿದ್ದು 1902ರಲ್ಲಿ. ಅದರ ಮರುವರ್ಷ ಬಿರ್ಕೆಲಾಂಡ್ ಇಂದು ಓಸ್ಲೊ ಎನಿಸಿಕೊಂಡಿರುವ ನಗರದ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಗಣ್ಯರನ್ನು ಕೂರಿಸಿ ಫಿರಂಗಿಯ ಗುಂಡಿ ಒತ್ತಿದ. ಫಿರಂಗಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಭಾರಿ ಸದ್ದಿನೊಂದಿಗೆ ಬೆಂಕಿಯ ನಾಲಗೆಯಂಥ ವಿದ್ಯುತ್ ಚಾಪ ಚಾಚಿತು. ಸಭೆ ಗಾಬರಿಯಾಯಿತು. ಫಿರಂಗಿಯ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಆ ಚಾಪ ವ್ಯರ್ಥವಾಗಲಿಲ್ಲ. ಅದೇ ವರ್ಷ ಎಂಜಿನಿಯರ್ ಸ್ಯಾಮ್ ಎಯ್ಡೆ ಅವನ ಜೊತೆಗೂಡಿದ. ಗಾಳಿಯಲ್ಲಿ ನೂರಕ್ಕೆ 78 ಭಾಗ ಸಾರಜನಕವಿದ್ದರೂ ಗಿಡಗಳು ಅದನ್ನು ನೇರವಾಗಿ ಹೀರಲಾರವು. ಮಿಂಚಿನಂಥ ಚಾಪದ ಬಿಸಿಯಲ್ಲಿ ಸಾರಜನಕ ಆಮ್ಲಜನಕದೊಡನೆ ಕೂಡಿಕೊಳ್ಳುತ್ತದೆ. ಬಿರ್ಕೆಲಾಂಡ್ ಪ್ರಬಲ ವಿದ್ಯುತ್ಕಾಂತದ ಧ್ರುವಗಳ ನಡುವೆ ಚಾಪವನ್ನಿಟ್ಟು ಅದನ್ನು ತಟ್ಟೆಯಂತೆ ಅಗಲಿಸಿದ, ಅದರೊಳಗೆ ಗಾಳಿ ಹಾಯಿಸಿದ. ಹಾಗೆ ದೊರೆತ ನೈಟ್ರಿಕ್ ಆಮ್ಲ ಮತ್ತು ಸುಣ್ಣದಿಂದ ಗೊಬ್ಬರ ಬಂತು. 1905ರಲ್ಲಿ ನಾರ್ಸ್ಕ್ ಹೈಡ್ರೊ ಕಂಪನಿ ಹುಟ್ಟಿದ್ದು ಈ ವಿಧಾನದ ಮೇಲೆ. ವಿದ್ಯುತ್ತು ವಿಪರೀತ ಖರ್ಚಾಗುವ ಈ ವಿಧಾನವನ್ನು ಮುಂದೆ ಹೇಬರ್-ಬಾಷ್ ವಿಧಾನ ಮೂಲೆಗೆ ತಳ್ಳಿತು. ಆದರೂ ಸಭೆಯನ್ನು ಗಾಬರಿಗೊಳಿಸಿದ ಯಂತ್ರದಿಂದ ಹೊಲಕ್ಕೆ ಗೊಬ್ಬರ ಬಂದದ್ದು ಸುಳ್ಳಲ್ಲ. 1994ರಲ್ಲಿ ಹೊರಬಂದ ನಾರ್ವೆಯ 200 ಕ್ರೋನರ್ ನೋಟಿನ ಮೇಲೆ ಬಿರ್ಕೆಲಾಂಡನ ಚಿತ್ರವಿತ್ತು.

ಮನೆಯಲ್ಲಿ ಈ ಪ್ರಯೋಗ ಮಾಡುವ ವಿದ್ಯಾರ್ಥಿಗಳು ಕೆಲವು ಕಟ್ಟುಪಾಡುಗಳನ್ನು ಮೀರಬಾರದು. ನಾಲ್ಕು ಟಾರ್ಚ್ ಸೆಲ್ಲಿಗಿಂತ ಹೆಚ್ಚು ಬೇಡ. ಮನೆಯ ಪ್ಲಗ್ಗು, ಕ್ಯಾಮರಾದ ಫ್ಲಾಷು, ಮೊಬೈಲ್ ಅಥವಾ ಯು.ಪಿ.ಎಸ್. ಬ್ಯಾಟರಿ ಯಾವುದನ್ನೂ ಮುಟ್ಟಕೂಡದು. ಸವರುವ ತಂತಿಯನ್ನು ಪ್ಲಾಸ್ಟಿಕ್ ಹೊದಿಕೆಯಿರುವಲ್ಲಿ ಹಿಡಿಯಬೇಕು. ತಂತಿಯನ್ನು ಪಟ್ಟಿಯ ಮೇಲೆ ಇಟ್ಟು ಮರೆತರೆ ಸುರುಳಿ ಕಾದು ಕೈ ಸುಡುತ್ತದೆ. ಮೊಳೆಯ ತುದಿ ಮೊಂಡಾಗಿರಲಿ, ಕಣ್ಣಿಗೆ ಕನ್ನಡಕವಿರಲಿ, ಕೊಳವೆಯ ಮುಂದೆ ಬಟ್ಟೆಯ ಪೆಟ್ಟಿಗೆಯ ಹೊರತು ಮನುಷ್ಯರಾಗಲಿ ಬೆಕ್ಕಾಗಲಿ ಇರಬಾರದು. ದೊಡ್ಡವರೊಬ್ಬರು ಪಕ್ಕದಲ್ಲಿರಲಿ.

ಪಕ್ಕದಲ್ಲಿರುವ ದೊಡ್ಡವರಿಗೆ ವಿಜ್ಞಾನದ ಪದವಿ ಬೇಕಿಲ್ಲ. ‘ಅದೆಲ್ಲ ಬೇಡ’ ಎಂದು ಗದರಿಸಿದರೆ ಮಕ್ಕಳು ಅದನ್ನೇ ಕದ್ದು ಮಾಡುತ್ತಾರೆ, ಅಪಾಯವಿರುವುದು ಆಗಲೇ. ತಯಾರಾದ ಮಾದರಿಯನ್ನು ಅಂಗಡಿಯಿಂದ ತಂದುಕೊಟ್ಟರೆ ಅಪಾಯವೂ ಇಲ್ಲ, ಪಾಠವೂ ಇಲ್ಲ. ಇವೆರಡರ ನಡುವೆ ನಾಲ್ಕು ಸೆಲ್ಲಿನ ದಾರಿಯೊಂದಿದೆ. ಮೊಳೆ ಎಷ್ಟು ದೂರ ಹಾರಿತು ಎಂದು ಆಮೇಲೆ ಕೇಳಬಹುದು. ಸಿಕ್ಕಿಕೊಂಡದ್ದು ಎಲ್ಲಿ, ಏಕೆ ಎಂಬುದನ್ನು ಮೊದಲು ಕೇಳಿದರೆ ಉಳಿದದ್ದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.