ಮದುವೆಯ ಮಾರನೆಯ ದಿನ

ಮದುವೆ ಮುಗಿದ ಮಾರನೆಯ ದಿನದ ಮನೆಯನ್ನು ನೀವೂ ನೋಡಿರುತ್ತೀರಿ. ಬಾಡಿದ ಹಾರ, ಲೆಕ್ಕಕ್ಕೆ ಸಿಗದ ಸೌಟು, ಯಾರದೋ ಒಂಟಿ ಚಪ್ಪಲಿ, ಪಾತ್ರೆಯ ತುಂಬ ಉಳಿದ ಬೂಂದಿ. ಕೊಳ್ಳೇಗಾಲದ ಛತ್ರದಲ್ಲಿ ನಮ್ಮಣ್ಣನ ಮಗಳ ಮದುವೆಯಾದ ಮಾರನೆಯ ಬೆಳಿಗ್ಗೆಯೂ ಹಾಗೇ ಇತ್ತು. ಹನೂರಿನ ತವರಿನವರು, ಯಳಂದೂರಿನಿಂದ ಹೋಗಿದ್ದ ನಾವು, ಬೀಗರ ಕಡೆಯ ನಾಲ್ಕೈದು ಜನ ಜಮಖಾನದ ಮೇಲೆ ಕುಳಿತು ಎರಡನೆಯ ಸುತ್ತಿನ ಕಾಫಿ ಕುಡಿಯುತ್ತಿದ್ದೆವು.

ಹೊಸ ಅಳಿಯನಿಗೆ ರಾಜಸ್ಥಾನದ ಮರಳುಗಾಡು ನೋಡುವ ಆಸೆಯಂತೆ. ಆದರೆ ಸಿಕ್ಕಿದ ರಜೆ ನಾಲ್ಕೇ ದಿನ. "ಮರಳು ನೋಡೋಕೆ ಅಷ್ಟು ದೂರ ಯಾಕಪ್ಪ? ನಮ್ಮ ತಲಕಾಡಿಲ್ವ?" ಎಂದರು ನಮ್ಮ ಯಜಮಾನರು. ಎಲ್ಲರೂ ನಕ್ಕರು. ನಗುನಗುತ್ತಲೇ ಹೊರಡುವುದೂ ಗೊತ್ತಾಯಿತು. ಚಿತ್ರಾನ್ನ, ಮೊಸರನ್ನ, ಉಳಿದ ಬೂಂದಿ ಕಟ್ಟಿಕೊಂಡು ಬಾಡಿಗೆ ಟೆಂಪೋ ಹತ್ತಿದಾಗ ಹತ್ತು ಗಂಟೆ. ಎಷ್ಟೋ ತಿಂಗಳ ಓಡಾಟದ ಮೇಲೆ ಅಂದು ಯಾರಿಗೂ ಯಾವ ಅವಸರವೂ ಇರಲಿಲ್ಲ. ಸತ್ತೇಗಾಲ ದಾಟಿ ಹೊಳೆ ಕಂಡಾಗ ಅವ್ವ ಕೈಮುಗಿದಳು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಅವ್ವ ಹುಟ್ಟಿದ್ದು ಆ ಕಾಲದಲ್ಲಿ. ಹೊಳೆಯಾಚೆಗೆ ಹೋಗುವುದೆಂದರೆ ಈಗಲೂ ಅವಳ ಬಾಯಲ್ಲಿ "ಮೈಸೂರು ಸೀಮೆಗೆ ಹೋಗೋದು".

ಎಲ್ಲರೂ ಹಾಡಿಕೊಂಡು ಹರಟಿಕೊಂಡು ಹೋಗುತ್ತಿದ್ದರೂ ನನ್ನ ಕಣ್ಣು ಮಾತ್ರ ಮುಂದಿನ ಸೀಟಿನಲ್ಲಿದ್ದ ಮದುಮಗಳ ಕೊರಳ ಮೇಲಿತ್ತು. ಕಿಟಕಿಯ ಬಿಸಿಲಿಗೆ ಅವಳ ಕಾಸಿನ ಸರ ಹೊಳೆಯುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ. ಮುಹೂರ್ತದಲ್ಲಿ ಅಕ್ಷತೆ ಹಾಕುವಾಗಲೂ ನಾನು ನೋಡಿದ್ದು ಅದನ್ನೇ.

ನನಗೂ ಒಂದು ಕಾಸಿನ ಸರವಿತ್ತು. ನನ್ನ ಮದುವೆಯಲ್ಲಿ ಅವ್ವ ತನ್ನ ಕೊರಳಿನಿಂದ ತೆಗೆದು ಹಾಕಿದ್ದು. 2003ರ ಬರಗಾಲದಲ್ಲಿ ಅಣ್ಣ ಬೋರು ಕೊರೆಸಲು ದುಡ್ಡಿಲ್ಲದೆ ಯಳಂದೂರಿಗೆ ಬಂದ. "ಒಂದು ಬೆಳೆ ಬರಲಿ, ಬಿಡಿಸಿಕೊಡ್ತೀನಿ" ಎಂದ. ಕೊಟ್ಟೆ. ಬೋರಿನಲ್ಲಿ ನೀರು ಬಿತ್ತು, ಒಂದು ಬೆಳೆಯೂ ಬಂತು, ಸರ ಮಾತ್ರ ಗಿರವಿ ಅಂಗಡಿಯಿಂದ ಬರಲಿಲ್ಲ. ಕೇಳಿದರೆ ಅಣ್ಣ ಮಾತು ತಿರುಗಿಸುತ್ತಿದ್ದ. ಒಂದು ರಾತ್ರಿ ಸಂಕಟ ತಡೆಯಲಾರದೆ, "ನನ್ನ ಚಿನ್ನ ನುಂಗಿದ ಆ ಬೋರು ಬತ್ತಿಹೋಗಲಿ" ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮರುವರ್ಷ ಅದು ನಿಜವಾಗಿಯೂ ಬತ್ತಿತು. ಸುದ್ದಿ ಕೇಳಿದಾಗ ಮೊದಲು ಸಮಾಧಾನವಾಯಿತು, ಆಮೇಲೆ ಹೆದರಿಕೆಯಾಯಿತು. ಅಂದಿನಿಂದ ತವರಿಗೆ ಹೋಗುವುದು ಕಡಿಮೆಯಾಯಿತು. ಅಣ್ಣನೊಡನೆ ಮಾತು ಬಿಡಲಿಲ್ಲ. ಆದರೆ ಮಾತಿಗೆ ಕೂರುವುದು ನಿಂತುಹೋಯಿತು.

ತಲಕಾಡಿನಲ್ಲಿ ವೈದ್ಯೇಶ್ವರನಿಗೆ ಹಣ್ಣುಕಾಯಿ ಮಾಡಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿಗಿಳಿದೆವು. 2013ರ ಪಂಚಲಿಂಗ ದರ್ಶನಕ್ಕೆ ಬಂದಿದ್ದಾಗ ಜನರ ತಲೆಗಳ ನಡುವೆ ನನಗೆ ಮರಳೇ ಕಂಡಿರಲಿಲ್ಲ. ಅಂದು ದಾರಿ ಬಿಡುವಾಗಿತ್ತು. ನೀಲಗಿರಿ ಮರಗಳ ನೆರಳಿನಲ್ಲಿ ಮರಳು ತಣ್ಣಗೆ, ಬಿಸಿಲು ಬಿದ್ದಲ್ಲಿ ಬೆಚ್ಚಗೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಪಾತಾಳೇಶ್ವರ, ಮರಳೇಶ್ವರರನ್ನು ನೋಡಲು ಮರಳಿನ ಹಳ್ಳಕ್ಕೆ ಮೆಟ್ಟಿಲಿಳಿಯಬೇಕು. ಚೋಳರನ್ನು ಗೆದ್ದ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯೂ ತಗ್ಗಿನಲ್ಲೇ ಇದೆ. ಗಂಗರ ರಾಜಧಾನಿಯಾಗಿದ್ದ ಊರಿನ ತಲೆಯ ಮೇಲೆ ನಾವು ನಡೆಯುತ್ತಿದ್ದೆವು.

ಊಟಕ್ಕೆ ಕುಳಿತಾಗ ಮದುಮಗಳು, "ಅತ್ತೆ, ಅಲಮೇಲಮ್ಮನ ಕಥೆ ಹೇಳಿ" ಎಂದಳು. ಹೇಳಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಹೆಂಡತಿ ಅಲಮೇಲಮ್ಮ. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಒಡವೆಗಳು ಅವಳ ಬಳಿ ಇದ್ದುವಂತೆ. ಅರಸನ ಕಡೆಯವರು ಕೇಳಲು ಬಂದಾಗ ಮುತ್ತಿನ ಮೂಗುತಿಯೊಂದನ್ನು ಕೊಟ್ಟು ಕಳಿಸಿ, ಮಿಕ್ಕಿದ್ದನ್ನು ಮಡಿಲಿಗೆ ಕಟ್ಟಿಕೊಂಡು ಮಾಲಂಗಿಯ ಬಳಿ ಹೊಳೆಗೆ ಹಾರಿದಳಂತೆ. ಹಾರುವ ಮೊದಲು, ತಲಕಾಡನ್ನು ಮರಳು ಮುಚ್ಚಲಿ, ಮಾಲಂಗಿ ಆಳದ ಮಡುವಾಗಲಿ, ಮೈಸೂರು ಅರಸರ ಸಂತಾನ ನಿಲ್ಲಲಿ ಎಂದು ಶಪಿಸಿದಳಂತೆ.

"ಶಾಪದಿಂದ ಮರಳು ಬರುತ್ತಾ ಅತ್ತೆ?" ಎಂದ ಅಳಿಯ. ಅವನು ಓದಿಕೊಂಡಿದ್ದ. ಕೃಷಿ ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಇದರ ಬಗ್ಗೆ ಬರೆದಿದ್ದಾರಂತೆ. ವಿಜಯನಗರದ ಕಾಲದಲ್ಲೇ ಹತ್ತಿರದಲ್ಲಿ ಮಾಧವಮಂತ್ರಿ ಕಟ್ಟೆ ಕಟ್ಟಿದರು. ಹೊಳೆಯ ಹರಿವು ಬದಲಾಗಿ ಪಾತ್ರದ ಮರಳು ಬಯಲಾಯಿತು. ಅದನ್ನು ಗಾಳಿ ವರ್ಷವರ್ಷವೂ ಊರಿನ ಮೇಲೆ ತಂದು ಸುರಿಯಿತು. ಮರ ನೆಟ್ಟು ಆ ಮರಳನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಕಾಲದವರು.

ನಾನು ಸುಮ್ಮನೆ ಕೇಳುತ್ತಿದ್ದೆ. ಅಷ್ಟರಲ್ಲಿ ಮಕ್ಕಳು ಕಥೆಯನ್ನೇ ಆಟ ಮಾಡಿಕೊಂಡಿದ್ದರು. ಮದುಮಗಳ ಕೊರಳಿನ ಸರ ಇಸಿದುಕೊಂಡು ಮರಳಿನಲ್ಲಿ ಹೂತು, "ಅಲಮೇಲಮ್ಮನ ನಿಧಿ" ಎಂದು ಹುಡುಕುತ್ತಿದ್ದರು.

"ಅಯ್ಯೋ, ಚಿನ್ನ ಕಣೇ! ಮರಳಲ್ಲಿ ಹೋದರೆ ಸಿಗುತ್ತಾ?" ಎಂದು ಕೂಗಿ ನಾನೇ ಎರಡು ಕೈಯಿಂದಲೂ ಬಗೆಯತೊಡಗಿದೆ. ಹುಡುಗಿ ಪಕ್ಕಕ್ಕೆ ಬಂದು ಕುಳಿತು ಪಿಸುಗುಟ್ಟಿದಳು. "ಬಿಡಿ ಅತ್ತೆ, ಒನ್ ಗ್ರಾಂ ಗೋಲ್ಡು. ಈಗಿನ ರೇಟಿಗೆ ಅಪ್ಪ ಎಲ್ಲಿಂದ ತರ್ತಾರೆ? ಯಾರಿಗೂ ಹೇಳಬೇಡ ಅಂದಿದ್ರು."

ಸರ ಕೈಗೆ ಸಿಕ್ಕಿತು. ಅದರ ಹಗುರ ಆಗ ತಿಳಿಯಿತು.

ಸಂಜೆ ಎಲ್ಲರೂ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಅವ್ವನ ಹತ್ತಿರ ಸರಿದು ಎಲ್ಲವನ್ನೂ ಹೇಳಿಬಿಟ್ಟೆ, ಆ ರಾತ್ರಿ ನಾನು ಅಂದುಕೊಂಡ ಮಾತನ್ನೂ. ಅವ್ವ ಬಹಳ ಹೊತ್ತು ನೀರನ್ನೇ ನೋಡಿದಳು. "ನೀ ಅಂದೆ ಅಂತ ಬತ್ತೋಯ್ತ ಮಗ? ಆ ವರ್ಸ ಊರಲ್ಲಿ ಎಲ್ಲರ ಬೋರೂ ಬತ್ತೋದ್ವು. ಅವರಿಗೆಲ್ಲ ಯಾವ ತಂಗಿ ಶಾಪ ಹಾಕಿದ್ಲು? ನೀ ಬರೋದು ಬುಟ್ಬುಟ್ಟೆ ನೋಡು, ಅದೊಂದೇ ಕನವ್ವ ನಿನ್ನಿಂದ ಬತ್ತಿದ್ದು."

ಹೊರಡುವಾಗ ಏರು ಹತ್ತಲು ನನಗೆ ಮಂಡಿ ನೋವು. ಹಿಂದೆ ಬರುತ್ತಿದ್ದ ಅಣ್ಣ ಕೈ ಕೊಟ್ಟ. ಹಿಡಿದ ಕೈ ಬಿಡದೆ ತಲೆ ತಗ್ಗಿಸಿ, "ನಿನ್ನ ಸರ..." ಎಂದ. ಅವನು ಆ ಮಾತು ಎತ್ತಿದ್ದು ಅದೇ ಮೊದಲು.

"ನನಗೆ ಸಿಟ್ಟಿತ್ತು ಅಣ್ಣ, ಇಲ್ಲ ಅನ್ನೋಲ್ಲ" ಎಂದೆ. ಆಮೇಲೆ ಅವನೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಟೆಂಪೋ ಹತ್ತುವಾಗ ಮಾತ್ರ, "ಯುಗಾದಿಗೆ ಬಾ, ಮಕ್ಕಳನ್ನೂ ಕರಕೊಂಡು" ಎಂದ.

ಯಳಂದೂರಿಗೆ ಬಂದು ಸೀರೆ ಕೊಡವಿದಾಗ ನೆರಿಗೆಯಿಂದ ಹಿಡಿ ಮರಳು ಅಂಗಳಕ್ಕೆ ಬಿತ್ತು. ಗುಡಿಸಿ ತುಳಸಿ ಗಿಡದ ಬುಡಕ್ಕೆ ಹಾಕಿದೆ. ಯುಗಾದಿಗೆ ಹನೂರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ.