ಅಗ್ನಿಮೂಲೆಯ ಆಕಾಶವಾಣಿ

ಆಕಾಶವಾಣಿ ಎಂಬ ಮಾತು ನಮಗೆ ಹೊಸದಲ್ಲ. ಕಂಸನಿಗೆ ಅವನ ಮರಣದ ಸುದ್ದಿಯನ್ನು ಮುಂಚಿತವಾಗಿ ತಿಳಿಸಿದ್ದು ಅದೇ. ಪುರಾಣದ ಆ ಮಾತು ರೇಡಿಯೋ ನಿಲಯವೊಂದರ ಹೆಸರಾದದ್ದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ನಿಲಯ ಅದು. ಆದರೆ ತರ್ಕಶಾಸ್ತ್ರದ ತರಗತಿಯ ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನೆತ್ತಬಹುದು: ಆ ವಾಣಿ ಹೊರಡುತ್ತಿದ್ದುದು ನೆಲದ ಮೇಲೆ ನೆಟ್ಟ ಕಂಬದಿಂದ ತಾನೆ? ಒಪ್ಪಬೇಕಾದ ಮಾತೇ. ನಿಜವಾಗಿ ಆಕಾಶದಿಂದಲೇ ಇಳಿದುಬರುವ ವಾಣಿಯನ್ನು ನಾನು ಕೇಳಿದ್ದು 2005ರಲ್ಲಿ, ತಿಪಟೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ.

ಅಡುಗೆಮನೆಯಲ್ಲೇ ಏಕೆ ಎಂಬುದಕ್ಕೆ ವಿಜ್ಞಾನವೂ ಕಾರಣ, ವಾಸ್ತುಶಾಸ್ತ್ರವೂ ಕಾರಣ. ವರ್ಲ್ಡ್‌ಸ್ಪೇಸ್ ಎಂಬ ಸಂಸ್ಥೆಯ ಏಷ್ಯಾಸ್ಟಾರ್ ಉಪಗ್ರಹವನ್ನು 2000ದ ಮಾರ್ಚ್ 21ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಹಾರಿಸಿದ್ದರು. ಸಮಭಾಜಕ ವೃತ್ತದ ಮೇಲೆ, 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದು ನಿಂತಿತ್ತು. ನಿಂತಿತ್ತು ಎಂದರೆ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ತಿರುಗುತ್ತ ನಮ್ಮ ಕಣ್ಣಿಗೆ ನಿಂತಂತೆ ಇತ್ತು. ಚಂದಾ ಕಟ್ಟಿ, ಅಂಗೈಯಗಲದ ಚಪ್ಪಟೆ ಆಂಟೆನಾವನ್ನು ಅದರತ್ತ ತಿರುಗಿಸಿದರೆ ಸಾಕು, ಗೊರಗೊರ ಸದ್ದಿಲ್ಲದೆ ಸಂಗೀತ ಕೇಳುತ್ತಿತ್ತು. ನಮ್ಮ ಊರಿನಿಂದ ನೋಡಿದರೆ ಉಪಗ್ರಹದ ದಿಕ್ಕು ಪೂರ್ವದಿಂದ ತುಸು ದಕ್ಷಿಣಕ್ಕೆ ಸರಿದದ್ದು, ಎತ್ತರವೋ ಅರ್ಧ ಆಕಾಶಕ್ಕಿಂತ ಸ್ವಲ್ಪ ಮೇಲೆ. ಅಂದರೆ ಅಗ್ನಿಮೂಲೆಯ ಕಡೆ. ಅಗ್ನಿಮೂಲೆಯಲ್ಲಿ ಒಲೆಯಿರಬೇಕೆಂದು ನಮ್ಮ ತಾತನವರು ಮನೆ ಕಟ್ಟಿಸುವಾಗಲೇ ತೀರ್ಮಾನಿಸಿದ್ದರು. ಆ ಕಡೆಗೆ ತೆರೆದ ಕಿಟಕಿ ಇದ್ದುದು ಅಡುಗೆಮನೆಗೊಂದಕ್ಕೇ.

ಈ ಪೆಟ್ಟಿಗೆಯನ್ನು ನಾನು ತಂದದ್ದು ನಮ್ಮ ತಂದೆಯವರಿಗಾಗಿ. ಅವರು ಶಿರಸ್ತೇದಾರರಾಗಿ ನಿವೃತ್ತರಾದವರು. ಕಣ್ಣಿನೊತ್ತಡದ ಬೇನೆಯಿಂದ ದೃಷ್ಟಿ ದಿನೇ ದಿನೇ ಕುಗ್ಗುತ್ತಿತ್ತು. ಪತ್ರಿಕೆ ಹೋಯಿತು, ಪುಸ್ತಕ ಹೋಯಿತು, ಕೊನೆಗೆ ಎದುರಿಗೆ ಬಂದವರ ಮುಖವೂ ಹೋಯಿತು. ಉಳಿದದ್ದು ಕಿವಿ. ಆ ಪೆಟ್ಟಿಗೆಯಲ್ಲಿ ‘ಸ್ಪರ್ಶ’ ಎಂಬ ಕನ್ನಡದ ವಾಹಿನಿಯಿತ್ತು. ‘ಶ್ರುತಿ’ ಎಂಬುದರಲ್ಲಿ ಹಗಲಿರುಳೂ ಕರ್ನಾಟಕ ಸಂಗೀತ. ಹಗಲೂ ರಾತ್ರಿಯೂ ಒಂದೇ ಆಗಿದ್ದವರಿಗೆ ಇದಕ್ಕಿಂತ ಬೇರೆ ಉಪಕಾರ ಯಾವುದು?

ನಲವತ್ತು ವರ್ಷದ ಸಂಸಾರದಲ್ಲಿ ತಂದೆಯವರು ಅಡುಗೆಮನೆಯೊಳಗೆ ಕುಳಿತದ್ದನ್ನು ನಾನು ಕಂಡವನಲ್ಲ. ಊಟ ಹಾಲಿನಲ್ಲಿ, ಕಾಫಿ ಜಗಲಿಯಲ್ಲಿ. ತಾಯಿಯೊಡನೆ ಮಾತು ಎಂದರೆ ‘ಸಾರಿಗೆ ಉಪ್ಪು ಹೆಚ್ಚಾಗಿದೆ’ ಎಂಬಷ್ಟೇ. ಈಗ ಕಿಟಕಿಯ ಬಳಿ ಅವರಿಗೊಂದು ಕುರ್ಚಿ ಬಿತ್ತು. ಮೊದಮೊದಲು ತಾಯಿ ಗೊಣಗಿದರು. ಒಂದು ವಾರವಾದ ಮೇಲೆ ಅವರ ಮಡಿಲಿಗೆ ಅವರೇಕಾಯಿಯ ಬುಟ್ಟಿಯನ್ನಿಟ್ಟರು. ಕಾಯಿ ಸುಲಿಯುವುದಕ್ಕೆ ಕಣ್ಣು ಬೇಕಿಲ್ಲವಷ್ಟೆ. ‘ಇದು ಯಾವ ರಾಗ?’ ಎಂದು ತಾಯಿ ಕೇಳುವರು, ತಂದೆ ಹೇಳುವರು. ವರ್ಷ ತುಂಬುವಷ್ಟರಲ್ಲಿ ತಾಯಿಯೇ ತೋಡಿಯನ್ನೂ ಭೈರವಿಯನ್ನೂ ಗುರುತಿಸುವಂತಾದರು. ಒಮ್ಮೆ ತಂದೆಯವರು ನನ್ನೊಡನೆ, ‘ನಿಮ್ಮಮ್ಮನಿಗೆ ಇಷ್ಟು ಕೇಳ್ಮೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ ಕಣೋ’ ಎಂದರು. ಅದನ್ನು ಹೇಳುವಾಗ ಅವರ ದನಿ ತಗ್ಗಿತ್ತು.

ಕಾರಿನ ಕತೆ ಬೇರೆ. ಎರಡು ತಿಂಗಳಿಗೊಮ್ಮೆ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಬೇಕಾಗಿತ್ತು. ದಾರಿಯಲ್ಲೂ ಸಂಗೀತ ಬೇಕೆಂದು ತಂದೆಯವರ ಆಸೆ. ಅಮೆರಿಕದಲ್ಲಿ 2001ರಿಂದ ಎಕ್ಸ್‌ಎಂ, ಅದರ ಹಿಂದೆಯೇ ಸಿರಿಯಸ್ ಎಂಬ ಸಂಸ್ಥೆಗಳು ಓಡುವ ಕಾರಿಗೇ ಉಪಗ್ರಹದ ರೇಡಿಯೋವನ್ನು ಒದಗಿಸುತ್ತಿದ್ದವು. ಒಂದೇ ಪೆಟ್ಟಿಗೆಯನ್ನು ಮನೆಯ ಗೂಡಿನಿಂದ ತೆಗೆದು ಕಾರಿನ ಗೂಡಿನಲ್ಲಿಟ್ಟರೆ ಹಾಡು ಮುಂದುವರಿಯುವುದು. ಎತ್ತರದ ಕಟ್ಟಡಗಳ ನಡುವೆ ಉಪಗ್ರಹ ಮರೆಯಾದರೆ ನಗರದಲ್ಲಿ ನೆಟ್ಟ ಪುನಃಪ್ರಸಾರಕಗಳು ನೆರವಿಗೆ ಬರುವುವು. ನಮ್ಮ ದಾರಿಯಲ್ಲಿ ಅಂಥ ಕಂಬಗಳಿರಲಿಲ್ಲ. ಇದ್ದವು ತೆಂಗಿನ ಮರಗಳು. ರಸ್ತೆ ತಿರುಗಿದರೆ ಆಂಟೆನಾ ದಿಕ್ಕು ತಪ್ಪುವುದು, ಮರ ಅಡ್ಡ ಬಂದರೆ ಪಲ್ಲವಿ ಅರ್ಧಕ್ಕೇ ನಿಲ್ಲುವುದು. ಅದಕ್ಕೆ ತಂದೆಯವರೇ ಉಪಾಯ ಕಂಡುಕೊಂಡರು. ಗುಬ್ಬಿಯ ಹತ್ತಿರ ಬಯಲು ಸಿಕ್ಕಿದೊಡನೆ ಗಾಡಿ ನಿಲ್ಲಿಸುವುದು. ಪೆಟ್ಟಿಗೆಯನ್ನು ಬಾನೆಟ್ಟಿನ ಮೇಲಿಟ್ಟು ಅಗ್ನಿಮೂಲೆಗೆ ತಿರುಗಿಸುವುದು. ಹಿಡಿದ ಕೀರ್ತನೆ ಮುಗಿಯುವವರೆಗೆ ಅಲ್ಲೇ ನಿಲ್ಲುವುದು. ದಾರಿಹೋಕರು ಸೈಕಲ್ಲಿನಿಂದಿಳಿದು ‘ಗಾಡಿ ಕೆಟ್ಟಿತೇ ಸ್ವಾಮಿ?’ ಎಂದು ವಿಚಾರಿಸುವರು. ‘ಇಲ್ಲಪ್ಪ, ಕಲ್ಯಾಣಿ ನಡೆಯುತ್ತಿದೆ’ ಎಂದು ತಂದೆಯವರ ಉತ್ತರ. ಕಲ್ಯಾಣಿ ಯಾರೆಂದು ಕೇಳುವ ಧೈರ್ಯ ಯಾರೂ ಮಾಡಲಿಲ್ಲ.

ಬಾಡಿಗೆಯ ಮನೆಯಂತೆ ಬಾಡಿಗೆಯ ದನಿಗೂ ಒಂದು ಅವಧಿ. ಆ ಸಂಸ್ಥೆ 2008ರಲ್ಲಿ ಅಮೆರಿಕದಲ್ಲಿ ದಿವಾಳಿಗೆ ಅರ್ಜಿ ಹಾಕಿತು. ಭಾರತದಲ್ಲಿ ಅದರ ಪ್ರಸಾರ 2009ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಉಪಗ್ರಹ ಮೇಲೆಯೇ ಇತ್ತು, ಪೆಟ್ಟಿಗೆ ಕಿಟಕಿಯಲ್ಲೇ ಇತ್ತು, ನಡುವಿನ ನಾದ ಮಾತ್ರ ಇರಲಿಲ್ಲ. ತಂದೆಯವರಿಗೆ ಏನು ಹೇಳುವುದೆಂದು ನಾನು ಚಿಂತಿಸುತ್ತಿದ್ದೆ. ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಗೋಡೆ ತಡವಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕುಳಿತರು. ತಾಯಿ ಬುಟ್ಟಿಯನ್ನು ಮಡಿಲಿಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ತಾಯಿಯೇ ಸಣ್ಣ ದನಿಯಲ್ಲಿ ಒಂದು ದೇವರನಾಮವನ್ನು ಹಿಡಿದರು. ಮುಂದಿನ ನಾಲ್ಕು ವರ್ಷ, ತಂದೆಯವರು ಇರುವವರೆಗೆ, ಆ ಪ್ರಸಾರ ನಿಲ್ಲಲಿಲ್ಲ. ಅದಕ್ಕೆ ಚಂದಾ ಕೂಡ ಇರಲಿಲ್ಲ.

ಈಗ ದಿಕ್ಕು ನೋಡುವ ಕಷ್ಟವಿಲ್ಲ. ಆಕಾಶವಾಣಿಯೇ 2016ರ ಜನವರಿ 26ರಂದು ‘ರಾಗಂ’ ಎಂಬ ಶಾಸ್ತ್ರೀಯ ಸಂಗೀತದ ವಾಹಿನಿಯನ್ನು ಬೆಂಗಳೂರಿನಿಂದ ಆರಂಭಿಸಿತು. ಫೋನು ಕಿಸೆಯಲ್ಲಿ, ಹಾಡು ಕಿವಿಯಲ್ಲಿ. ಮರ ಅಡ್ಡ ಬಂದರೂ ಚಿಂತೆಯಿಲ್ಲ. ಇದನ್ನು ನಾನು ದೂರುವವನಲ್ಲ, ನಾನೂ ಹಾಗೆಯೇ ಕೇಳುತ್ತೇನೆ. ಆದರೆ ನಮ್ಮ ಕಾಲೇಜಿನ ಅಂಗಳದಲ್ಲಿ ಐದು ಜನ ಗೆಳೆಯರು ಒಂದೇ ಕಟ್ಟೆಯ ಮೇಲೆ ಕುಳಿತು ಐದು ಬೇರೆ ಹಾಡುಗಳನ್ನು ಕೇಳುತ್ತಿರುವುದನ್ನು ಕಂಡಾಗ ಒಂದು ಮಾತು ಹೇಳಬೇಕೆನ್ನಿಸುತ್ತದೆ. ಮಿತ್ರರೇ, ರಜೆಗೆ ಊರಿಗೆ ಹೋದಾಗ ಕಿವಿಯ ಆ ಬಿರಟೆಯನ್ನು ಕಿತ್ತು ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಕುಳಿತುಕೊಳ್ಳಿ. ನಿಮ್ಮ ತಾಯಿಗೆ ಯಾವ ಹಾಡು ಬರುತ್ತದೆಂದು ನಿಮಗೆ ಗೊತ್ತಿದೆಯೇ?