ನಾಯಿಮರಿಯ ಲೆಕ್ಕ

ಮನೆಗೆ ನಾಯಿಮರಿಯೊಂದನ್ನು ತರಬೇಕೆಂಬ ಹಟ ಸಾಮಾನ್ಯವಾಗಿ ಮಕ್ಕಳಿಂದಲೇ ಹುಟ್ಟುತ್ತದೆ. ಹಿರಿಯರು ಮೊದಲು ಕೇಳುವುದು ಅದರ ಬೆಲೆಯನ್ನು. ಬೀದಿಯಲ್ಲಿ ಹುಟ್ಟಿದ ಮರಿಗೆ ಬೆಲೆಯೇ ಇಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೂ ಮೆರೆದ ಮುಧೋಳದ ಬೇಟೆನಾಯಿಯ ಮರಿಯಾದರೆ ಸಾವಿರಗಳ ಮಾತು. ಈ ಅಂತರ ದೊಡ್ಡದೆಂದು ತೋರುವುದು ಆ ಒಂದು ದಿನ ಮಾತ್ರ. ಹೊಸ್ತಿಲು ದಾಟಿ ಒಳಬಂದ ಮೇಲೆ ಎರಡಕ್ಕೂ ಹಸಿವು ಒಂದೇ, ರೋಗವೂ ಒಂದೇ.

ಆರರಿಂದ ಎಂಟು ವಾರ ತುಂಬುತ್ತಲೇ ಲಸಿಕೆಯ ಸರದಿ ಆರಂಭವಾಗುತ್ತದೆ. ಡಿಸ್ಟೆಂಪರ್, ಪಾರ್ವೊ ಎಂಬ ವೈರಾಣು ರೋಗಗಳು ಎಳೆಯ ಮರಿಗಳ ಪಾಲಿಗೆ ಯಮದೂತರು. ಒಂದು ಚುಚ್ಚುಮದ್ದಿನಿಂದ ಕೆಲಸ ಮುಗಿಯದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ಕಾಲ ಲಸಿಕೆಗೆ ಅದೇ ಅಡ್ಡಿಯಾಗುತ್ತದೆ. ಆದುದರಿಂದ ಮೂರು ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ, ಮತ್ತೆ ಮತ್ತೆ ಹಾಕಿಸಬೇಕು. ಮೂರು ತಿಂಗಳಾದಾಗ ರೇಬೀಸ್ ಲಸಿಕೆ. ನಡುನಡುವೆ ಜಂತುಹುಳುವಿನ ಔಷಧ. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನೂ ಬದುಕುವುದು ಬಹಳ ಅಪರೂಪ. ಈ ಬಾಬಿನಲ್ಲಿ ಉಳಿತಾಯ ಮಾಡುವವನು ತನ್ನ ಮಕ್ಕಳನ್ನೇ ಪಣಕ್ಕಿಟ್ಟಂತೆ. ಲೂಯಿ ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನವಾಗಿದ್ದು, ಆ ಸುಮಾರಿಗೆ ಅನೇಕ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಈ ಲಸಿಕೆಯನ್ನು ಉಚಿತವಾಗಿ ಹಾಕುವುದುಂಟು. ಕೈಬಿಗಿಯುಳ್ಳ ಸಂಸಾರಗಳು ಈ ದಿನವನ್ನು ಗುರುತುಹಾಕಿಕೊಳ್ಳುವುದು ಲೇಸು.

"ಮಿಕ್ಕ ಅನ್ನ ತಿಂದುಕೊಂಡು ಬಿದ್ದಿರುತ್ತದೆ ಬಿಡಿ" ಎನ್ನುವವರಿದ್ದಾರೆ. ಬೆಳೆಯುವ ಮರಿಗೆ ಬರಿಯ ಅನ್ನ ಸಾಲದು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರಂತೂ ಅದರ ರಕ್ತಕಣಗಳಿಗೇ ಕೇಡು. ಅದರ ಪಾಲಿನ ಅಡಿಗೆ ಬೇರೆಯೇ ಆಗಬೇಕು. ದಿನಕ್ಕೆ 40 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 14,600. ನಾಯಿ 12 ವರ್ಷ ಬಾಳಿದರೆ 1,75,200 ರೂಪಾಯಿ. ಪುಕ್ಕಟೆ ಬಂದ ಮರಿಯ ಊಟದ ಲೆಕ್ಕವಿದು! ಕೊರಳಪಟ್ಟಿ, ಸರಪಳಿ, ಸಂತಾನಹರಣ ಶಸ್ತ್ರಚಿಕಿತ್ಸೆ, ಮನೆಮಂದಿ ಊರಿಗೆ ಹೋದಾಗ ನೋಡಿಕೊಳ್ಳುವವರ ಕೂಲಿ ಇದರಲ್ಲಿ ಸೇರಿಲ್ಲ. ಮರಿ ಕಚ್ಚಿಹಾಕುವ ಚಪ್ಪಲಿಗಳಿಗೆ ಲೆಕ್ಕವೇ ಇಲ್ಲ.

ಇದನ್ನೆಲ್ಲ ಮೊದಲೇ ಎಣಿಸದ ಮನೆಗಳಲ್ಲಿ ವರ್ಷ ತುಂಬುವಷ್ಟರಲ್ಲಿ ನಾಯಿ ಭಾರವಾಗುತ್ತದೆ. ಒಂದು ಸಂಜೆ ಅದನ್ನು ಊರ ಹೊರಗೆ ಬಿಟ್ಟುಬರುತ್ತಾರೆ. ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ. ನಾಯಿಗೆ ಕಾಯ್ದೆ ತಿಳಿಯದು. ಸದ್ದುಮಾಡಿ ಸಾಗುವ ಒಂದೊಂದು ಸ್ಕೂಟರಿನ ಹಿಂದೆಯೂ ಅದು ಒಂದಿಷ್ಟು ದೂರ ಓಡಿ, ಬಿಟ್ಟುಹೋದ ಜಾಗಕ್ಕೇ ಮರಳಿ ಬಂದು ಕೂಡುತ್ತದೆ.

ಕೆಲವು ಮನೆಗಳವರು ಮರಿ ತರುವುದಕ್ಕೆ ಮುಂಚೆ ಆರು ತಿಂಗಳು ಅದರ ಖರ್ಚನ್ನು ತಿಂಗಳು ತಿಂಗಳೂ ತೆಗೆದಿರಿಸಿ ನೋಡುತ್ತಾರೆ. ಆ ಹಣಕ್ಕೆ ಕೈಹಾಕದೆ ಸಂಸಾರ ಸಾಗಿದರೆ ಮರಿ ಬರುತ್ತದೆ; ಮೊದಲ ಲಸಿಕೆಗಳ ವೆಚ್ಚ ಆಗಲೇ ಡಬ್ಬಿಯಲ್ಲಿರುತ್ತದೆ. ಅಷ್ಟರಲ್ಲಿ ಮಕ್ಕಳು ಅದರ ಹೆಸರನ್ನು ಮಾತ್ರ ಹತ್ತು ಸಲ ಬದಲಾಯಿಸಿರುತ್ತಾರೆ.